ನಾಲ್ಕು ಬೋರ್, ನಾಲ್ಕು ಪಿಸ್ಟನ್, ಒಂದು ಅಳತೆ ಚೀಟಿ

ಹಳೆಯ ಮಾರುತಿ ಎಸ್ಟೀಮ್ ಅಥವಾ ಜಿಪ್ಸಿಯನ್ನು ಮಾರದೆ ಜೋಪಾನ ಮಾಡಿಟ್ಟುಕೊಂಡವರು ನಮ್ಮ ಕಡೆ ಇನ್ನೂ ಇದ್ದಾರೆ. ಗಾಡಿ ಹೊಗೆ ಬಿಡತೊಡಗಿ, ಆಯಿಲ್ ತಿನ್ನತೊಡಗಿ, ಇಂಜಿನ್ ಬಿಚ್ಚುವ ಹೊತ್ತು ಬಂದಾಗ ಅವರಲ್ಲಿ ಕೆಲವರಿಗೆ ಒಂದು ಆಸೆ ಹುಟ್ಟುತ್ತದೆ. ಹೇಗೂ ಬೋರ್ ಮಾಡಿಸಲೇಬೇಕು. ಒಂದಿಷ್ಟು ದೊಡ್ಡದಾಗಿಯೇ ಮಾಡಿಸಿ, ಫೋರ್ಜ್ಡ್ ಪಿಸ್ಟನ್ ಕೂರಿಸಿಬಿಟ್ಟರೆ ಗಾಡಿಯ ಬಲವೇ ಬದಲಾದೀತು ಎಂಬ ಆಸೆ. ಬೆಂಗಳೂರು, ಕೊಯಮತ್ತೂರಿನ ರೇಸ್ ಗ್ಯಾರೇಜುಗಳಲ್ಲಿ ಬಹುಕಾಲದಿಂದ ನಡೆದುಬಂದ ಈ ಕೆಲಸ ನಿಜಕ್ಕೂ ಏನು ಕೊಡುತ್ತದೆ, ಏನು ಕೊಡುವುದಿಲ್ಲ ಎಂಬುದನ್ನು ತೂಗಿ ನೋಡಬೇಕಾಗಿದೆ. ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ: ಬೋರ್ ಹಿಗ್ಗಿಸುವುದರಿಂದ ಸಿಗುವ ಬಲ ಅಲ್ಪ, ಫೋರ್ಜ್ಡ್ ಪಿಸ್ಟನ್ ಕೊಡುವುದು ಬಲವನ್ನಲ್ಲ, ತಾಳಿಕೆಯನ್ನು, ಈ ಎರಡಕ್ಕೂ ಬೆಲೆ ಬರುವುದು ಬೋರಿಂಗ್ ಶಾಪಿನ ಅಳತೆ ಸರಿಯಾಗಿದ್ದರೆ ಮಾತ್ರ.

ಮೊದಲು ಲೆಕ್ಕ. ಎಸ್ಟೀಮ್ ಮತ್ತು 1.3 ಲೀಟರ್ ಜಿಪ್ಸಿ ಎರಡರಲ್ಲೂ ಇರುವುದು ಸುಜುಕಿಯ ಜಿ13 ಸರಣಿಯ ಇಂಜಿನ್. ಬೋರ್ 74 ಮಿ.ಮೀ., ಸ್ಟ್ರೋಕ್ 75.5 ಮಿ.ಮೀ., ನಾಲ್ಕು ಸಿಲಿಂಡರ್ ಸೇರಿ 1298 ಸಿಸಿ. ಕಂಪನಿಯೇ ಒಪ್ಪುವ 0.50 ಓವರ್‌ಸೈಜ್‌ಗೆ ಬೋರ್ ಮಾಡಿಸಿದರೆ 1316 ಸಿಸಿ ಆಗುತ್ತದೆ. ಪೂರ್ತಿ ಒಂದು ಮಿಲಿಮೀಟರ್ ಹಿಗ್ಗಿಸಿ 75ಕ್ಕೆ ತಂದರೆ 1334, 75.5ಕ್ಕೆ ತಂದರೆ 1352. ಅಂದರೆ ಒಂದೂವರೆ ಮಿಲಿಮೀಟರ್ ಕಬ್ಬಿಣ ಕೊರೆದು ತೆಗೆದ ಮೇಲೂ ಹೆಚ್ಚಿದ್ದು ನೂರಕ್ಕೆ ನಾಲ್ಕು ಭಾಗ. ಈ ಇಂಜಿನ್ನಿನ ಬ್ಲಾಕ್ ಅಲ್ಯೂಮಿನಿಯಮ್, ಒಳಗೆ ಕಬ್ಬಿಣದ ಸ್ಲೀವ್. ಕೊರೆದಷ್ಟೂ ಸ್ಲೀವಿನ ಗೋಡೆ ತೆಳ್ಳಗಾಗುತ್ತದೆ. ತೆಳುವಾದ ಗೋಡೆ ಬಿಸಿಗೆ, ಒತ್ತಡಕ್ಕೆ ದುಂಡಗಿನ ಆಕಾರ ಬಿಡುತ್ತದೆ. ರಿಂಗ್ ಹಿಡಿತ ತಪ್ಪುತ್ತದೆ. ನಾಲ್ಕು ಭಾಗದ ಲಾಭಕ್ಕೆ ತೆರುವ ಬೆಲೆ ಇದು.

ಈ ಲೆಕ್ಕ ಬರೀ ಕಾಗದದ ಮೇಲಿನದಲ್ಲ. ರಾಯಲ್ ಎನ್‌ಫೀಲ್ಡ್ ಕಂಪನಿ ತನ್ನ 500 ಸಿಸಿ ಇಂಜಿನ್ನಿನ ಬೋರನ್ನು 84ರಿಂದ 87 ಮಿ.ಮೀ.ಗೆ ಏರಿಸಿ, 90 ಮಿ.ಮೀ. ಸ್ಟ್ರೋಕ್ ಹಾಗೆಯೇ ಉಳಿಸಿ, 2013ರಲ್ಲಿ ಕಾಂಟಿನೆಂಟಲ್ ಜಿಟಿಯನ್ನು ತಂದಿತು. 499 ಸಿಸಿ 535 ಆಯಿತು, ಅಂದರೆ ನೂರಕ್ಕೆ ಏಳು ಭಾಗ ಏರಿಕೆ. ಬಲ 27.2 ಬಿಎಚ್‌ಪಿಯಿಂದ 29.1ಕ್ಕೆ ಬಂತು, ಅದೂ ಏಳೇ ಭಾಗ. ಕಂಪನಿಯೇ, ತನ್ನದೇ ಕಾರ್ಖಾನೆಯಲ್ಲಿ, ಮೂರು ಮಿಲಿಮೀಟರ್ ಹಿಗ್ಗಿಸಿ ಪಡೆದದ್ದು ಇಷ್ಟು. ಬೋರ್ ಎಷ್ಟು ಕೊಡಬಲ್ಲದೋ ಅಷ್ಟನ್ನೇ ಕೊಡುತ್ತದೆ.

ಹಾಗಾದರೆ ಬಲ ಎಲ್ಲಿಂದ ಬರುತ್ತದೆ? ಇದಕ್ಕೂ ಉತ್ತರ ಅದೇ ಜಿ13 ಇಂಜಿನ್ನಿನ ಇತಿಹಾಸದಲ್ಲಿದೆ. ಕಾರ್ಬುರೇಟರ್ ಮತ್ತು ಎಂಟು ವಾಲ್ವಿನ ಜಿಪ್ಸಿ ಕಿಂಗ್ 60 ಬಿಎಚ್‌ಪಿ ಕೊಡುತ್ತಿತ್ತು. ಹದಿನಾರು ವಾಲ್ವ್, ಎಂಪಿಎಫ್‌ಐ ಬಂದ ಮೇಲೆ ಅದೇ ಜಿಪ್ಸಿ 80, ಎಸ್ಟೀಮ್ 85. ಹೊರದೇಶಗಳಲ್ಲಿ ಮಾರಿದ ಸ್ವಿಫ್ಟ್ ಜಿಟಿಐಗೆ ಎರಡು ಕ್ಯಾಮ್‌ಶಾಫ್ಟಿನ ಹೆಡ್ ಕೂರಿಸಿದಾಗ ಸುಮಾರು 100. ಎಲ್ಲದರಲ್ಲೂ ಬೋರ್ 74, ಸ್ಟ್ರೋಕ್ 75.5. ಬದಲಾದದ್ದು ಗಾಳಿ ಒಳಗೆ ಬರುವ ದಾರಿ, ಹೊಗೆ ಹೊರಗೆ ಹೋಗುವ ದಾರಿ, ಪೆಟ್ರೋಲ್ ಅಳೆದು ಕೊಡುವ ಬಗೆ. ಬೋರ್ ಒಂದು ಕೂದಲೆಳೆಯಷ್ಟೂ ಹಿಗ್ಗದೆ 60 ನೂರಾಯಿತು. ಬಲ ಬೇಕಾದವರು ಮೊದಲು ಬ್ಲಾಕ್ ಕೊರೆಸಲು ಹೊರಡದೆ ಹೆಡ್ ಬಿಚ್ಚಿ ನೋಡಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಇನ್ನು ಫೋರ್ಜ್ಡ್ ಪಿಸ್ಟನ್. ಮಾಮೂಲಿ ಪಿಸ್ಟನ್ ಕರಗಿದ ಅಲ್ಯೂಮಿನಿಯಮ್ಮನ್ನು ಅಚ್ಚಿಗೆ ಹೊಯ್ದು ಮಾಡಿದ್ದು. ಫೋರ್ಜ್ಡ್ ಪಿಸ್ಟನ್‌ನಲ್ಲಿ ಘನ ಲೋಹದ ತುಂಡನ್ನು ಕಾಯಿಸಿ, ಭಾರೀ ಪ್ರೆಸ್‌ನಲ್ಲಿ ಅದುಮಿ ಆಕಾರ ಕೊಡುತ್ತಾರೆ. ಹೊಯ್ದ ಲೋಹದಲ್ಲಿ ಉಳಿಯಬಹುದಾದ ಸಣ್ಣ ಗುಳ್ಳೆಗಳು ಇದರಲ್ಲಿ ಉಳಿಯುವುದಿಲ್ಲ. ಹೊಡೆತ ಬಿದ್ದರೆ ಥಟ್ಟನೆ ಸೀಳದೆ ಒಂದಿಷ್ಟು ತಡೆದುಕೊಳ್ಳುತ್ತದೆ. ಇದರ ಅಗತ್ಯ ಎಲ್ಲಿ ಬರುತ್ತದೆ ಎಂದು ತಿಳಿಯಬೇಕಾದರೆ 7000 ಆರ್‌ಪಿಎಂನಲ್ಲಿ ಈ ಇಂಜಿನ್ನಿನ ಒಳಗೆ ನಡೆಯುವುದನ್ನು ನೆನೆಯಬೇಕು. ಪಿಸ್ಟನ್ ಸೆಕೆಂಡಿಗೆ ಸುಮಾರು 117 ಸಲ ಮೇಲೆ ಹೋಗಿ, ನಿಂತು, ದಿಕ್ಕು ಬದಲಿಸಿ ಕೆಳಗಿಳಿಯುತ್ತದೆ. ಮೇಲ್ತುದಿಯಲ್ಲಿ ಅದು ತನ್ನ ತೂಕದ ಎರಡೂವರೆ ಸಾವಿರ ಪಟ್ಟಿಗೂ ಮಿಕ್ಕಿದ ಬಲದಿಂದ ಕನೆಕ್ಟಿಂಗ್ ರಾಡನ್ನು ಎಳೆಯುತ್ತದೆ. ರ್‍ಯಾಲಿಯಲ್ಲಿ ಗಂಟೆಗಟ್ಟಲೆ ಇದೇ ಕೆಲಸ ಮಾಡುವ ಗಾಡಿಗೆ, ಟರ್ಬೊ ಕೂರಿಸಿ ಒತ್ತಡ ಏರಿಸಿದ ಗಾಡಿಗೆ ಫೋರ್ಜ್ಡ್ ಪಿಸ್ಟನ್ ಬೇಕೇ ಬೇಕು. ನಾಕಿಂಗ್ ಶುರುವಾದರೆ ಹೊಯ್ದ ಪಿಸ್ಟನ್‌ನಲ್ಲಿ ಮೊದಲು ಒಡೆಯುವುದು ಎರಡು ರಿಂಗುಗಳ ನಡುವಿನ ತೆಳು ದಂಡೆ. ಆ ಒಡಕನ್ನು ಫೋರ್ಜ್ಡ್ ಪಿಸ್ಟನ್ ಬಹುಮಟ್ಟಿಗೆ ತಪ್ಪಿಸುತ್ತದೆ. ಆದರೆ ನಮ್ಮ ಕರಾವಳಿಯ ತಲ್ಲೂರಿನಿಂದ ಕುಂದಾಪುರಕ್ಕೆ, ಹೆಮ್ಮಾಡಿಗೆ ದಿನವೂ ಓಡಾಡುವ, ಟರ್ಬೊ ಇಲ್ಲದ ಗಾಡಿಗೆ ಅದರಿಂದ ಒಂದು ಬಿಎಚ್‌ಪಿಯೂ ಹೆಚ್ಚು ಸಿಗುವುದಿಲ್ಲ. ಯಕ್ಷಗಾನದಲ್ಲಿ ಗೆಜ್ಜೆ ಕಟ್ಟಿದ ಮಾತ್ರಕ್ಕೆ ಭಾಗವತರ ತಾಳಕ್ಕೆ ಹೆಜ್ಜೆ ಕೂಡುವುದಿಲ್ಲ.

ಫೋರ್ಜ್ಡ್ ಪಿಸ್ಟನ್ ಒಳ್ಳೆಯದು ಎನ್ನುವವರು ಅದರ ಸ್ವಭಾವವನ್ನೂ ಹೇಳಬೇಕು. ಇದರಲ್ಲಿ ಎರಡು ಮಿಶ್ರಲೋಹ ಹೆಚ್ಚು ಬಳಕೆಯಲ್ಲಿವೆ. 4032ರಲ್ಲಿ ನೂರಕ್ಕೆ ಸುಮಾರು ಹನ್ನೆರಡು ಭಾಗ ಸಿಲಿಕಾನ್ ಇರುತ್ತದೆ. ಬಿಸಿಗೆ ಕಡಿಮೆ ಹಿಗ್ಗುತ್ತದೆ, ರಸ್ತೆಯ ಗಾಡಿಗೆ ಒಗ್ಗುತ್ತದೆ. 2618ರಲ್ಲಿ ಸಿಲಿಕಾನ್ ಇಲ್ಲವೆನ್ನುವಷ್ಟು ಕಡಿಮೆ. ಪೆಟ್ಟು ತಾಳುವುದರಲ್ಲಿ ಗಟ್ಟಿಗ, ಆದರೆ ಹೆಚ್ಚು ಹಿಗ್ಗುತ್ತದೆ. ಹಾಗಾಗಿ ಬೋರ್ ಮತ್ತು ಪಿಸ್ಟನ್ ನಡುವೆ ಹೆಚ್ಚು ಸಡಿಲು ಬಿಡಬೇಕು. ಜಿ13ಕ್ಕೆ ಮೂಲ ಪಿಸ್ಟನ್‌ನಲ್ಲಿ ಈ ಸಡಿಲು 0.02ರಿಂದ 0.04 ಮಿ.ಮೀ.; 2618 ಪಿಸ್ಟನ್ ಇದರ ಎರಡು ಪಟ್ಟಿನ ಆಸುಪಾಸು ಕೇಳಬಹುದು. ಬೆಳಿಗ್ಗೆ ತಣ್ಣಗಿನ ಇಂಜಿನ್ನಿನಲ್ಲಿ ಪಿಸ್ಟನ್ ಗೋಡೆಗೆ ಬಡಿದು ಟಕಟಕ ಸದ್ದು ಬರುವುದು ಇದರಿಂದಲೇ. ದಿನಕ್ಕೆ ನಾಲ್ಕು ಸಲ ಎರಡೆರಡು ಕಿಲೋಮೀಟರ್ ಓಡಿ ನಿಲ್ಲುವ ಗಾಡಿಗೆ ಇದು ಸರಿಯಾದ ಆಯ್ಕೆಯಲ್ಲ, ಏಕೆಂದರೆ ಪಿಸ್ಟನ್ ತನ್ನ ಸರಿಯಾದ ಅಳತೆಗೆ ಹಿಗ್ಗುವ ಮೊದಲೇ ಕೀಲಿ ತಿರುಗಿರುತ್ತದೆ.

ಈಗ ಈ ಕೆಲಸದ ನಿಜವಾದ ಪರೀಕ್ಷೆ ನಡೆಯುವ ಜಾಗಕ್ಕೆ ಬರೋಣ. ನಮ್ಮ ಕರಾವಳಿಯಲ್ಲಿ ಇಂಜಿನ್ ಕೆಲಸದ ಪರಂಪರೆ ಬೆಳೆದದ್ದು ಬಸ್ಸು, ಲಾರಿ, ಬೋಟುಗಳ ಸುತ್ತ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಗಂಗೊಳ್ಳಿಯ ಬೋಟುಗಳು ದಡದಲ್ಲಿರುವ ಆ ಮಳೆಗಾಲದಲ್ಲಿ ಇಂಜಿನ್ ಬಿಚ್ಚುವ, ಲೈನರ್ ಎಬ್ಬಿಸುವ, ರಿಂಗ್ ಬದಲಿಸುವ ಕೆಲಸ ಜೋರು. ಆ ಕೈಗಳ ಪಳಗಿದ ಅನುಭವಕ್ಕೆ ನನಗೆ ತುಂಬು ಗೌರವ ಇದೆ. ಆದರೆ ಬೋಟಿನ, ಲಾರಿಯ ಎಷ್ಟೋ ಡೀಸೆಲ್ ಇಂಜಿನ್ನುಗಳಿಗೆ ಲೈನರ್ ಮತ್ತು ಪಿಸ್ಟನ್ ಹೊಂದಿಸಿದ ಸೆಟ್ಟಾಗಿಯೇ ಬರುತ್ತವೆ. ಹಳೆಯದನ್ನು ಎಳೆದು ತೆಗೆದು ಹೊಸದನ್ನು ಕೂರಿಸಿದರೆ ಮುಖ್ಯ ಅಳತೆ ಕಾರ್ಖಾನೆಯಿಂದಲೇ ಬಂದಿರುತ್ತದೆ. ಫೋರ್ಜ್ಡ್ ಪಿಸ್ಟನ್ ಕೂರಿಸುವ ಕಾರಿನಲ್ಲಿ ಹಾಗಲ್ಲ. ಆ ಅಳತೆ ಇಲ್ಲಿಯೇ, ಈ ಮೇಜಿನ ಮೇಲೆಯೇ ಹುಟ್ಟಬೇಕು.

ನಾಲ್ಕು ಪಿಸ್ಟನ್ ಒಂದೇ ಪೆಟ್ಟಿಗೆಯಲ್ಲಿ ಬಂದಿದ್ದರೂ ನಾಲ್ಕನ್ನೂ ಬೇರೆಬೇರೆಯಾಗಿ ಮೈಕ್ರೋಮೀಟರಿನಲ್ಲಿ ಅಳೆಯಬೇಕು. ಅದೂ ತಯಾರಕರು ತೋರಿಸಿದ ಎತ್ತರದಲ್ಲಿ, ಪಿನ್ನಿಗೆ ಅಡ್ಡವಾಗಿ. ಒಂದನೆಯ ಬೋರನ್ನು ಒಂದನೆಯ ಪಿಸ್ಟನ್‌ಗೆ, ಎರಡನೆಯದನ್ನು ಎರಡನೆಯದಕ್ಕೆ ಹೊಂದಿಸಿ ಹೋನ್ ಮಾಡಬೇಕು, ಅಂದರೆ ಕಲ್ಲಿನಿಂದ ಉಜ್ಜಿ ಅಳತೆಗೆ ತರಬೇಕು. ಆದ್ದರಿಂದಲೇ ಅನುಭವಸ್ಥರು ಗಿರಾಕಿಗೆ ಹೇಳುವುದು: "ಹ್ವಾಯ್, ಪಿಸ್ಟನ್ ಕೈಗ್ ಬಪ್ಪು ಮುಂಚೆ ಬೋರ್ ಮಾಡುಕಾಗ." ಬೋರ್ ಗೇಜನ್ನು ಪ್ರತಿ ಸಿಲಿಂಡರಿನಲ್ಲಿ ಮೇಲೆ, ನಡುವೆ, ಕೆಳಗೆ ಇಳಿಸಿ, ಎರಡು ದಿಕ್ಕಿನಲ್ಲಿ ನೋಡಬೇಕು: ಒಂದು ಬೋರ್‌ಗೆ ಆರು ಅಂಕಿ, ನಾಲ್ಕು ಬೋರ್‌ಗೆ ಇಪ್ಪತ್ತನಾಲ್ಕು. ನಮ್ಮ ಸೆಕೆಯ ಊರಿನಲ್ಲಿ ಇನ್ನೊಂದು ಎಚ್ಚರ ಬೇಕು. ಅಲ್ಯೂಮಿನಿಯಮ್ಮಿನ 75 ಮಿ.ಮೀ. ಪಿಸ್ಟನ್ ಹತ್ತು ಡಿಗ್ರಿ ಬಿಸಿಯಾದರೆ ಸುಮಾರು 0.017 ಮಿ.ಮೀ. ಹಿಗ್ಗುತ್ತದೆ. ಅಂಗಳದ ಬಿಸಿಲಲ್ಲಿಟ್ಟ ಪಿಸ್ಟನ್ ಅಳೆದು, ನೆರಳಿನಲ್ಲಿದ್ದ ಬ್ಲಾಕಿಗೆ ಹೊಂದಿಸಿದರೆ ಅಳತೆಯಲ್ಲಿ ಅಷ್ಟೂ ತಪ್ಪು ಸೇರಿಕೊಳ್ಳುತ್ತದೆ. ಮೂಲ ಸಡಿಲೇ 0.02ರಿಂದ ಶುರುವಾಗುವಾಗ ಇದು ಸಣ್ಣ ಮಾತಲ್ಲ. ಪಿಸ್ಟನ್, ಬ್ಲಾಕ್, ಗೇಜು ಮೂರೂ ಒಂದೇ ಕೋಣೆಯಲ್ಲಿ ಒಂದು ರಾತ್ರಿ ಕಳೆಯಬೇಕು.

ಹೋನಿಂಗ್ ಆದ ಮೇಲೆ ಗೋಡೆಯ ಮೇಲೆ ಓರೆಯಾಗಿ ಒಂದನ್ನೊಂದು ದಾಟುವ ಸಣ್ಣ ಗೆರೆಗಳು ಕಾಣುತ್ತವೆ. ಆಯಿಲ್ ನಿಲ್ಲುವುದು ಆ ಗೆರೆಗಳಲ್ಲಿ. ಅವುಗಳೊಳಗೆ ಹೋನಿಂಗ್ ಕಲ್ಲಿನ ಪುಡಿಯೂ ಕೂತಿರುತ್ತದೆ. ಪೆಟ್ರೋಲ್ ಸುರಿದು ಒರೆಸಿದರೆ ಅದು ಹೋಗುವುದಿಲ್ಲ. ಬಿಸಿನೀರು, ಸೋಪು, ಬ್ರಶ್ಶು ಹಿಡಿದು ಉಜ್ಜಿ, ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಬಟ್ಟೆ ಬಿಳಿಯಾಗಿಯೇ ಉಳಿಯುವ ತನಕ ತೊಳೆಯಬೇಕು. ತೊಳೆದ ಕೂಡಲೇ ಆಯಿಲ್ ಸವರಬೇಕು. ಉಪ್ಪುಗಾಳಿಯ ಈ ಊರಿನಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಹಾಗೇ ಬಿಟ್ಟರೆ ಮರುದಿನ ಬೋರ್ ತುಂಬ ಕೆಂಪು ತುಕ್ಕು.

ಬೋರ್ ಹಿಗ್ಗಿಸಿದ ಇಂಜಿನ್ನಿನಲ್ಲಿ ಜನ ಮರೆಯುವ ವಿಷಯಗಳು ಇನ್ನೂ ಇವೆ. ಹೆಡ್ ಗ್ಯಾಸ್ಕೆಟ್‌ನ ತೂತು ಹೊಸ ಬೋರ್‌ಗಿಂತ ದೊಡ್ಡದಿರಬೇಕು; ಅಂಚು ಒಳಗೆ ಚಾಚಿಕೊಂಡರೆ ಅದು ಕೆಂಪಗೆ ಕಾದು, ಸ್ಪಾರ್ಕ್ ಬೀಳುವ ಮುಂಚೆಯೇ ಪೆಟ್ರೋಲ್ ಹೊತ್ತಿಕೊಳ್ಳುತ್ತದೆ. ರಿಂಗಿನ ಬಾಯಿಯ ಸಂದನ್ನು ಪ್ರತಿ ಬೋರಿನೊಳಗಿಟ್ಟು ಅಳೆದು, ಬೇಕಾದಷ್ಟು ಅರದಿಂದ ತಿಕ್ಕಬೇಕು. ಸಂದು ಸಾಲದೆ ಹೋದರೆ ಬಿಸಿಗೆ ಹಿಗ್ಗಿದ ರಿಂಗಿನ ಎರಡು ತುದಿ ತಾಗಿ ಇಂಜಿನ್ ಜಾಮ್ ಆಗುತ್ತದೆ. ಕಂಪ್ರೆಶನ್ನಿನ ಲೆಕ್ಕವೂ ಬದಲಾಗುತ್ತದೆ. ಹೆಡ್ಡಿನ ಗುಳಿ ಹಾಗೆಯೇ ಇದ್ದು ಬೋರ್ 74ರಿಂದ 75.5 ಆದರೆ 9 ಇದ್ದ ಅನುಪಾತ 9.3ರ ಸುತ್ತ ಬರುತ್ತದೆ. ಮೇಲಿಂದ ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ನಾಕಿಂಗ್ ತಡೆಯುವುದರಲ್ಲಿ ಒಳ್ಳೆಯದೇ, ಆದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಕೇಳುತ್ತದೆ. ಹಳೆಯ ಕಾರ್ಬುರೇಟರಿನ ಜೆಟ್ಟು, ಹಳೆಯ ಇಸಿಯುವಿನ ಲೆಕ್ಕ ಇದಕ್ಕೆ ಹೊಂದದಿದ್ದರೆ ಇಂಜಿನ್ ಇಂಧನದ ಕೊರತೆಯಲ್ಲೇ ಓಡಿ ಕಾಯುತ್ತದೆ. ಪಿಸ್ಟನ್ ಎಷ್ಟೇ ಗಟ್ಟಿಯಾಗಿದ್ದರೂ ಟ್ಯೂನಿಂಗ್ ತಪ್ಪಿದರೆ ಉಳಿಯುವುದಿಲ್ಲ.

ಕಾನೂನನ್ನೂ ಬದಿಗಿಡುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಸ್ಪಷ್ಟಪಡಿಸಿತು. ಸಿಸಿ ಎಷ್ಟು ಎಂಬುದು ಆರ್‌ಸಿಯಲ್ಲಿ ಬರೆದಿರುವ ವಿವರ. ಸವೆದ ಬೋರನ್ನು ಕಂಪನಿ ಒಪ್ಪಿದ ಓವರ್‌ಸೈಜ್‌ಗೆ ತರುವುದು ರಿಪೇರಿ. ಅದನ್ನು ಮೀರಿ ಸಿಸಿ ಏರಿಸಿ ಸಾರ್ವಜನಿಕ ರಸ್ತೆಗೆ ಇಳಿಸುವುದು ಬೇರೆಯೇ ವಿಷಯ. ಅಂಥ ಇಂಜಿನ್ನಿನ ಜಾಗ ರ್‍ಯಾಲಿಯ ಸ್ಟೇಜು, ರೇಸ್ ಟ್ರ್ಯಾಕು. ಅಲ್ಲಿ ಸಿಸಿಗೆ ತಕ್ಕಂತೆ ವರ್ಗಗಳಿವೆ, ತಾಂತ್ರಿಕ ತಪಾಸಣೆಯೂ ಇದೆ.

ತಲ್ಲೂರಿನಿಂದ ಹೊರಟವನಿಗೆ ಬಲದ ನೆನಪಾಗುವುದು ಹೆದ್ದಾರಿ 66ರ ಸಪಾಟು ರಸ್ತೆಯಲ್ಲಿ ಅಲ್ಲ. ಕೊಲ್ಲೂರು ದಾಟಿ ನಾಗೋಡಿ ಘಾಟಿ ಏರುವಾಗ, ಹೊಸಂಗಡಿ ಕಳೆದು ಬಾಳೆಬರೆಯ ತಿರುವುಗಳಲ್ಲಿ ಗೇರ್ ಇಳಿಸುವಾಗ. ಅಲ್ಲಿ ಬೇಕಾದದ್ದು ಕಡಿಮೆ ಆರ್‌ಪಿಎಂನ ಎಳೆತ. ನಾಲ್ಕು ಭಾಗದ ಸಿಸಿ ಅದಕ್ಕೆ ಸೇರಿಸುವುದು ಬಹಳ ಸ್ವಲ್ಪ. ಸ್ವಚ್ಛವಾದ ರೇಡಿಯೇಟರ್, ಸರಿಯಾಗಿ ಕೂರುವ ವಾಲ್ವ್, ನಾಲ್ಕೂ ಸಿಲಿಂಡರಿನಲ್ಲಿ ಸಮನಾದ ಕಂಪ್ರೆಶನ್, ಜಾರದ ಕ್ಲಚ್, ಒಳ್ಳೆಯ ಬ್ರೇಕ್: ಇಷ್ಟಿದ್ದರೆ ಮೂಲ 1298 ಸಿಸಿಯೇ ಘಾಟಿಯಲ್ಲಿ ಮರ್ಯಾದೆ ಉಳಿಸುತ್ತದೆ.

ಹಾಗಾಗಿ ನಾನು ತೂಗಿ ನೋಡಿದ ಫಲ ಇಷ್ಟು. ದಿನನಿತ್ಯ ಓಡಿಸುವ ಸವೆದ ಇಂಜಿನ್ನಿಗೆ 0.25 ಅಥವಾ 0.50 ಓವರ್‌ಸೈಜ್ ಮೂಲ ಪಿಸ್ಟನ್ ಸಾಕು. ಮಿಕ್ಕ ಹಣ ಹೆಡ್ಡಿಗೆ ಹೋಗಲಿ. ರ್‍ಯಾಲಿಗೆ, ಟರ್ಬೊಗೆ, ಸದಾ ಏರಿದ ಆರ್‌ಪಿಎಂನಲ್ಲಿ ಓಡುವ ಗಾಡಿಗೆ ಫೋರ್ಜ್ಡ್ ಪಿಸ್ಟನ್ ಹಾಕಿಸಿ, ಮನಸ್ಸು ಬಿಚ್ಚಿ ಹಾಕಿಸಿ. ಆದರೆ ಬೋರ್ ಎಷ್ಟು ಕಡಿಮೆ ಹಿಗ್ಗಿದರೆ ಅಷ್ಟು ಒಳ್ಳೆಯದು. ಎರಡರಲ್ಲಿ ಯಾವುದಾದರೂ ಸರಿ, ಕೆಲಸ ಮುಗಿದ ದಿನ ಬಿಲ್ಲಿನ ಜೊತೆ ಇಪ್ಪತ್ತನಾಲ್ಕು ಬೋರ್ ಅಳತೆ, ನಾಲ್ಕು ಪಿಸ್ಟನ್ ಅಳತೆ, ರಿಂಗುಗಳ ಸಂದು ಬರೆದ ಚೀಟಿಯನ್ನು ಕೇಳಿ ಪಡೆಯಬೇಕು. ಅದನ್ನು ಬರೆದುಕೊಡುವ ಬೋರಿಂಗ್ ಶಾಪು ನಮ್ಮ ಊರಿನಲ್ಲಿದ್ದರೆ ಕೊಯಮತ್ತೂರಿಗೆ ಬ್ಲಾಕ್ ಹೊತ್ತುಕೊಂಡು ಹೋಗುವ ಅಗತ್ಯವೇ ಇಲ್ಲ. ಅಂಥ ಶಾಪುಗಳು ಹೆಚ್ಚಬೇಕಾದರೆ ಗಿರಾಕಿಯೂ ಬದಲಾಗಬೇಕು: ಪಿಸ್ಟನ್ನಿಗೆ ಕೇಳಿದಷ್ಟು ಕೊಟ್ಟು ಬರುವವನು ಅಳತೆಗೆ ಹಿಡಿಯುವ ಒಂದು ದಿನದ ಮಜೂರಿಯಲ್ಲಿ ಚೌಕಾಶಿ ಮಾಡಬಾರದು.