ಶ್ರೀಗಂಧದ ಸಾಬೂನು: ವಿದ್ಯಾರ್ಥಿಗಳ ಅನಿಮೇಷನ್ ಜಾಹೀರಾತುಗಳಲ್ಲಿ ಚರಿತ್ರೆ

ನಮ್ಮ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಗಳು ಈ ವರ್ಷ ಮೈಸೂರು ಸ್ಯಾಂಡಲ್ ಸಾಬೂನಿನ ಚರಿತ್ರೆಯನ್ನು ಆಧರಿಸಿ ಮೂರು ಅನಿಮೇಷನ್ ಜಾಹೀರಾತುಗಳ ಮಾಲೆಯೊಂದನ್ನು ರಚಿಸಿದ್ದಾರೆ. ಒಂದೊಂದೂ ಅರ್ಧ ನಿಮಿಷದ್ದು. ಇದು ಕಾರ್ಖಾನೆಯ ಕೋರಿಕೆಯಿಂದ ಹುಟ್ಟಿದ್ದಲ್ಲ. ಅಭ್ಯಾಸಕ್ಕಾಗಿ ಕೈಗೊಂಡ ಕಾರ್ಯ. ರೇಖೆ, ವರ್ಣ, ಗತಿಗಳ ಗುಣದೋಷಗಳನ್ನು ಆ ಕಲೆಯನ್ನು ಬಲ್ಲವರು ಹೇಳಲಿ. ಚರಿತ್ರೆಯ ವಿದ್ಯಾರ್ಥಿಗಳು ರಚಿಸಿದ ಜಾಹೀರಾತಿನಲ್ಲಿ ಚರಿತ್ರೆಗೆ ಯಾವ ಸ್ಥಾನ ದೊರೆತಿದೆ ಎಂಬುದಷ್ಟೇ ನಮ್ಮ ವಿಚಾರ.

ಮೊದಲ ಚಿತ್ರದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಪರದೇಶದ ಗಂಧದ ಸಾಬೂನು ಉಡುಗೊರೆಯಾಗಿ ಬರುತ್ತದೆ. ಪೆಟ್ಟಿಗೆಯಿಂದ ಹೊರಟ ಪರಿಮಳ ಎಳೆಯೆಳೆಯಾಗಿ ಸುರುಳಿಗೊಂಡು, ನೋಡನೋಡುತ್ತಿರುವಂತೆ ಕಾರ್ಖಾನೆಯ ರೂಪ ತಾಳುತ್ತದೆ. ಕಣ್ಣಿಗೆ ಸೊಗಸೇನೋ ಹೌದು. ಆದರೆ ಪ್ರಚಲಿತ ಕಥೆ ಈ ಉಡುಗೊರೆಯನ್ನು 1918ಕ್ಕೆ ಸೇರಿಸುತ್ತದೆ. ಗಂಧದೆಣ್ಣೆಯ ಉದ್ಯಮವಾದರೋ ಸಂಸ್ಥಾನದಲ್ಲಿ 1916ರಲ್ಲಿಯೇ ತಲೆಯೆತ್ತಿತ್ತು. 1914ರಲ್ಲಿ ಆರಂಭವಾದ ಮಹಾಯುದ್ಧದಿಂದಾಗಿ ಯೂರೋಪಿಗೆ ಸಾಗುತ್ತಿದ್ದ ಶ್ರೀಗಂಧದ ರಫ್ತಿಗೆ ಅಡ್ಡಿಯುಂಟಾಗಿ ಮರ ರಾಶಿಬಿತ್ತು. ಅದಕ್ಕೊಂದು ದಾರಿ ಕಾಣಿಸಬೇಕಾಗಿ ಬಂದ ಒತ್ತಡವೇ ಉದ್ಯಮದ ಮೂಲ. ಉಡುಗೊರೆ ಸಾಬೂನಿಗೆ ಪ್ರೇರಣೆಯಾಗಿದ್ದಿರಬಹುದು, ಉದ್ಯಮಕ್ಕೆ ಕಾರಣವಾಗಲಾರದು. ಕಾರಣವನ್ನು ಬಿಟ್ಟು ನಿಮಿತ್ತವನ್ನು ಹಿಡಿದದ್ದು ಈ ಚಿತ್ರದ ದೋಷ.

ಎರಡನೆಯದರಲ್ಲಿ ಸಾಬೂನಿನ ಲಾಂಛನವಾದ ಶರಭ, ಸಿಂಹದ ಮೈ ಆನೆಯ ತಲೆಗಳ ಆ ಕಲ್ಪಿತ ಪ್ರಾಣಿ, ಪೆಟ್ಟಿಗೆಯಿಂದ ಕೆಳಗೆ ನೆಗೆಯುತ್ತದೆ. ಟ್ರಾಮ್ ಟಿಕೆಟಿನ ಮೇಲೂ ಬೆಂಕಿಪೊಟ್ಟಣದ ಮೇಲೂ ನಡೆದು, ಕರಾಚಿಯ ಒಂಟೆಗಳ ಮೆರವಣಿಗೆಯನ್ನು ಸೇರಿಕೊಳ್ಳುತ್ತದೆ. ಇವೆಲ್ಲ ಈ ಸಾಬೂನಿನ ಹಳೆಯ ಪ್ರಚಾರದ ಸಾಧನಗಳೇ. ಜಾಹೀರಾತಿನ ಚರಿತ್ರೆಯನ್ನೇ ಜಾಹೀರಾತಿಗೆ ವಸ್ತುವಾಗಿಸಿದ ಈ ಜಾಣ್ಮೆ ಮೆಚ್ಚತಕ್ಕದ್ದು.

ಮೂರನೆಯ ಚಿತ್ರ ಕಾಡಿನದು. ಮಾಲೆಯಲ್ಲಿ ಹೆಚ್ಚು ಗಂಭೀರವಾದದ್ದೂ ಇದೇ, ಹೆಚ್ಚು ಎಡವಿದ್ದೂ ಇದೇ. ಕೊಡಲಿಯೊಂದು ಬುಡದ ಮೇಲೆ ಬೀಳುತ್ತದೆ, ಮರ ಉರುಳುತ್ತದೆ, ಎಣ್ಣೆ ತೊಟ್ಟಿಕ್ಕುತ್ತದೆ. ಶ್ರೀಗಂಧದ ಬೇರಿನಲ್ಲಿಯೂ ಎಣ್ಣೆಯಿರುವುದರಿಂದ ಅದನ್ನು ಬುಡದಲ್ಲಿ ಕಡಿಯುವುದಿಲ್ಲ, ಬೇರುಸಹಿತ ಅಗೆದು ತೆಗೆಯುತ್ತಾರೆ. ಇದು ಕೇವಲ ವಿವರದ ತಪ್ಪಲ್ಲ. ತನ್ನ ಬೇರನ್ನು ನೆರೆಯ ಗಿಡಗಳ ಬೇರಿಗೆ ಕಚ್ಚಿಸಿ ಬದುಕುವ ಮರವಿದು. ಕ್ಯಾಮೆರಾ ಸುಲಭವಾಗಿ ಕಾಣಲಾರದ ಈ ನೆಲದಡಿಯ ವ್ಯವಹಾರವನ್ನು ಚಲಿಸುವ ರೇಖೆ ಸಲೀಸಾಗಿ ತೋರಿಸಬಲ್ಲದು. ಅನಿಮೇಷನ್ ಕಲೆಯ ವಿಶಿಷ್ಟ ಶಕ್ತಿ ಎಲ್ಲಿ ಕೆಲಸಕ್ಕೆ ಬರಬಹುದಾಗಿತ್ತೋ ಅಲ್ಲಿಯೇ ವಿದ್ಯಾರ್ಥಿಗಳು ಅದನ್ನು ಬಳಸದೆ ಬಿಟ್ಟಿದ್ದಾರೆ.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಕೊಡಲಿ ಹಿಡಿದ ಕೈ ಚಿತ್ರದಲ್ಲಿ ಇಲ್ಲವೇ ಇಲ್ಲ. ಮರ ಬೆಳೆದ ಹೊಲದ ಒಡೆಯನೂ ಇಲ್ಲ. ಟಿಪ್ಪು ಸುಲ್ತಾನನು 1792ರಲ್ಲಿ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದನು. ಆಮೇಲೆ ಬಹುಕಾಲ ರೈತನ ನೆಲದಲ್ಲಿ ನಿಂತ ಗಂಧದ ಮರ ರೈತನದಾಗಿರಲಿಲ್ಲ. ಒಡೆತನ ಅವನಿಗೆ ದೊರೆತದ್ದು 2001ರ ಅರಣ್ಯ ಕಾಯಿದೆಯ ತಿದ್ದುಪಡಿಯಿಂದ. ಅರಸನ ಪಾತ್ರಕ್ಕೆ ಒಂದು ಇಡೀ ಚಿತ್ರ ದೊರೆತ ಮಾಲೆಯಲ್ಲಿ ಈ ರೈತನಿಗೆ ಒಂದು ಗೆರೆಯೂ ದೊರೆಯದಿರುವುದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಉಡುಗೊರೆಯ ಕಥೆ ಎಲ್ಲರ ಬಾಯಲ್ಲಿದೆ. ರೈತನದನ್ನು ಹುಡುಕಿ ತೆಗೆಯಬೇಕು.

ಅರ್ಧ ನಿಮಿಷದಲ್ಲಿ ಇಷ್ಟನ್ನೆಲ್ಲ ಹೇಳಲು ಸಾಧ್ಯವೇ ಎಂದು ಆಕ್ಷೇಪಿಸಬಹುದು. ಎಲ್ಲವನ್ನೂ ಹೇಳಬೇಕೆಂದು ನಾವು ಕೇಳುತ್ತಿಲ್ಲ. ಆಯ್ಕೆ ಜಾಹೀರಾತಿಗೂ ಅನಿವಾರ್ಯ, ಚರಿತ್ರೆಗೂ ಅನಿವಾರ್ಯ. ಏನನ್ನು ಬಿಟ್ಟೆವೆಂಬ ಅರಿವು ಆಯ್ದವನಿಗಿರಬೇಕು. ಮುಂದಿನ ತಂಡ ಪ್ರತಿಯೊಂದು ದೃಶ್ಯದ ಕರಡಿನ ಬದಿಯಲ್ಲಿ ಅದರ ಇಸವಿಯನ್ನೂ ಆಧಾರವನ್ನೂ ಬರೆದಿಡಲಿ. ಆಗ 1918ರ ಉಡುಗೊರೆ 1916ರ ಬಟ್ಟಿಗಿಂತ ಮುಂದೆ ಬಂದು ನಿಲ್ಲಲಾರದು.