ಕನ್ನಡ ಓದಿಗೊಂದು ಹಿಂಬಾಗಿಲು

ಕಡೂರು ತಾಲೂಕಿನ ದೇವನೂರು ಎಂದರೆ ಲಕ್ಷ್ಮೀಶ ಕವಿಯ ಊರು. ಅವನ ‘ಜೈಮಿನಿ ಭಾರತ’ ಓಲೆಗರಿ, ಅಚ್ಚಿನ ಪುಸ್ತಕ, ಗಮಕಿಗಳ ಕಂಠ ಇವುಗಳನ್ನೆಲ್ಲ ದಾಟಿ ಈಗ ಪರದೆಗೆ ಬಂದಿದೆ. ಆ ಪರದೆ ಎಂಥದ್ದಿರಬೇಕು ಎಂಬುದು ತಂತ್ರಜ್ಞರ ಪ್ರಶ್ನೆ ಮಾತ್ರವಲ್ಲ, ಓದುಗರಾದ ನಮ್ಮ ಪ್ರಶ್ನೆಯೂ ಹೌದು.

ಇ-ಇಂಕ್ ಪರದೆಯಲ್ಲಿ ಕಪ್ಪು-ಬಿಳಿ ಕಣಗಳು ವಿದ್ಯುತ್ತಿನ ಸೆಳೆತಕ್ಕೆ ಮೇಲೆ-ಕೆಳಗೆ ಸರಿದು ಅಕ್ಷರ ಮೂಡಿಸುತ್ತವೆ. ಕಾಗದದಂತೆ ಅದನ್ನು ಸುತ್ತಲಿನ ಬೆಳಕಿನಲ್ಲೇ ಓದಬಹುದು. 2007ರಲ್ಲಿ ಬಂದ ಕಿಂಡಲ್ ಇದನ್ನು ಜನಪ್ರಿಯಗೊಳಿಸಿತು. ಆದರೆ 2016ರ ಡಿಸೆಂಬರಿನಲ್ಲಿ ಅಮೆಜಾನ್ ಅದರಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳ ಮಾರಾಟ ಆರಂಭಿಸಿದಾಗ ಪಟ್ಟಿಯಲ್ಲಿ ಕನ್ನಡವಿರಲಿಲ್ಲ.

ಇಂಥ ಕಡೆ ಉಪಯೋಗಕ್ಕೆ ಬರುವ ಉಪಾಯವೊಂದಿದೆ: ಇ-ರೀಡರನ್ನೇ ಕಂಪ್ಯೂಟರಿನ ಮಾನಿಟರ್ ಮಾಡಿಕೊಳ್ಳುವುದು. ಆಂಡ್ರಾಯ್ಡ್ ಇರುವ ರೀಡರಿಗೆ ಆ್ಯಪ್ ಹಾಕಿ, ಯುಎಸ್‌ಬಿ ಅಥವಾ ವೈಫೈ ಮೂಲಕ ಜೋಡಿಸಿದರಾಯಿತು. ಅಕ್ಷರಗಳನ್ನು ರೂಪಿಸುವ ಕೆಲಸ ಕಂಪ್ಯೂಟರಿನದು. ರೀಡರಿಗೆ ತಲುಪುವುದು ಬರಿಯ ಚಿತ್ರ. ಆದ್ದರಿಂದ ರೀಡರಿಗೆ ಕನ್ನಡ ಬಾರದಿದ್ದರೂ ಒತ್ತಕ್ಷರ ಒಡೆಯುವುದಿಲ್ಲ. ಉರ್ದುವಿನ ನಸ್ತಾಲೀಕ್ ಬರಹಕ್ಕೂ ಇದೇ ಮಾತು ಸಲ್ಲುತ್ತದೆ.

ಕಾವ್ಯದ ಓದಿಗೂ ಇದರಿಂದ ಲಾಭವಿದೆ. ಲಕ್ಷ್ಮೀಶನದು ವಾರ್ಧಕ ಷಟ್ಪದಿ. ಅದರ ಇತರ ಸಾಲುಗಳಲ್ಲಿ 20 ಮಾತ್ರೆಗಳಿದ್ದರೆ ಮೂರನೆಯ ಮತ್ತು ಆರನೆಯ ಸಾಲುಗಳಲ್ಲಿ 32. ಆರಿಂಚಿನ ಪರದೆಯಲ್ಲಿ ಅಕ್ಷರ ದೊಡ್ಡದು ಮಾಡಿದರೆ ಈ ಉದ್ದ ಸಾಲುಗಳು ತುಂಡಾಗುತ್ತವೆ; ಸಾಲಿನ ಎರಡನೆಯ ಅಕ್ಷರದಲ್ಲಿ ಬರುವ ಪ್ರಾಸ ಕಣ್ಣಿಗೆ ತಪ್ಪುತ್ತದೆ. ಹತ್ತಿಂಚಿನ ರೀಡರನ್ನು ಅಡ್ಡಲಾಗಿಟ್ಟು ಮಾನಿಟರ್ ಮಾಡಿಕೊಂಡರೆ ಇಡೀ ಪದ್ಯ ತನ್ನ ಆಕಾರದಲ್ಲೇ ನಿಲ್ಲುತ್ತದೆ.

ಕೊರತೆಗಳೂ ಕಡಿಮೆಯಿಲ್ಲ. ಪರದೆ ನಿಧಾನ, ಪುಟ ಸರಿಸಿದರೆ ಹಿಂದಿನ ಅಕ್ಷರಗಳ ನೆರಳು ಉಳಿಯುತ್ತದೆ. ವೇಗದ ವಿಧಾನಕ್ಕೆ ಬದಲಿಸಿದರೆ ಬೂದು ಛಾಯೆಗಳು ಹೋಗಿ ಅಪ್ಪಟ ಕಪ್ಪು-ಬಿಳಿ ಮಾತ್ರ ಉಳಿಯುತ್ತದೆ. ಆಗ ಇಂಗ್ಲಿಷ್ ಅಕ್ಷರ ಹೇಗೋ ನಿಭಾಯಿಸುತ್ತದೆ, ಆದರೆ ಸಾಲಿನ ಕೆಳಗೆ ಚಿಕ್ಕದಾಗಿ ಕೂರುವ ನಮ್ಮ ಒತ್ತು ಕಲಸಿಹೋಗುತ್ತದೆ. ಟೈಪು ಮಾಡುವವರಿಗೆ ಇದು ಕಿರಿಕಿರಿ. ನಿಂತು ಓದುವವರಿಗೆ ವರ.

ಆದರೂ ಇದು ಹಿಂಬಾಗಿಲೇ. ತನ್ನ ಭಾಷೆಯ ಪುಸ್ತಕ ಓದಲು ರೀಡರಿನ ಜೊತೆಗೆ ಕಂಪ್ಯೂಟರೂ ಬೇಕೆಂದರೆ ಬಡ ವಿದ್ಯಾರ್ಥಿ ಹೊರಗೇ ಉಳಿಯುತ್ತಾನೆ. ಜಾಣ್ಮೆಯ ಉಪಾಯವನ್ನು ಮೆಚ್ಚೋಣ, ಬಳಸೋಣ. ಆದರೆ ಮುಂಬಾಗಿಲು ತೆರೆಯಿರೆಂದು ಕೇಳುವ ಹಕ್ಕನ್ನು ಅದರ ನೆಪದಲ್ಲಿ ಬಿಟ್ಟುಕೊಡುವುದು ಬೇಡ.