ಚಿತ್ರಬಹುಲ ವಾರ್ತಾಪತ್ರಕ್ಕೆ ತಕ್ಕ ಅಕ್ಷರಸಂಯೋಜನೆ: ಒಂದು ವಿಮರ್ಶೆ

ಕಾಲೇಜಿನ ವಿಭಾಗವೊಂದು ಚಿತ್ರಗಳಿಂದ ತುಂಬಿದ ವಾರ್ತಾಪತ್ರವನ್ನು ಹೊರಡಿಸುವಾಗ, ಪುಟಗಳನ್ನು ಯಾವ ತಂತ್ರಾಂಶದಲ್ಲಿ ಕಟ್ಟಬೇಕೆಂಬ ಪ್ರಶ್ನೆಯನ್ನು ಮುದ್ರಣಾಲಯದವರಿಗೇ ಬಿಡುವುದು ರೂಢಿ. ಇತಿಹಾಸದ ಅಧ್ಯಾಪಕನಿಗೆ ಈ ವಿಷಯದಲ್ಲಿ ಮಾತನಾಡಲು ಏನು ಅಧಿಕಾರವೆಂದು ವಾಚಕರು ಕೇಳಬಹುದು. ಇಂದಿನ ವಾರ್ತಾಪತ್ರವೇ ನಾಳಿನ ಆಕರವೆಂಬುದೇ ನಮ್ಮ ಉತ್ತರ.

ಚಿತ್ರವೂ ಬರಹವೂ ಒಂದೆಡೆ ಸೇರುವುದು ಈ ನಾಡಿಗೆ ಹೊಸತಲ್ಲ. ಮಿಜಾರಿಗೆ ಸಮೀಪದ ಮೂಡುಬಿದಿರೆಯಲ್ಲಿ ರಕ್ಷಿತವಾಗಿದ್ದ 12ನೆಯ ಶತಮಾನದ ಧವಲಾ ಓಲೆಗಳಲ್ಲಿ ಅಕ್ಷರದ ಪಕ್ಕದಲ್ಲಿಯೇ ವರ್ಣಚಿತ್ರಗಳಿವೆ. 1843ರಲ್ಲಿ ಮೋಗ್ಲಿಂಗರು ಹೊರಡಿಸಿದ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನದು. ಕಲ್ಲಚ್ಚಿನಲ್ಲಿ ಬರಹ, ಚಿತ್ರಗಳೆರಡೂ ಒಂದೇ ಕಲ್ಲಿನ ಮೇಲೆ ಮೂಡಬಲ್ಲವು. ಅಚ್ಚುಮೊಳೆಯ ಕ್ರಮದಲ್ಲಾದರೋ ಚಿತ್ರಕ್ಕೆ ಬೇರೆ ಬ್ಲಾಕು ಮಾಡಿಸಬೇಕಾಗಿತ್ತು. ಗಣಕಯಂತ್ರವು ಅವೆರಡನ್ನೂ ಮರಳಿ ಒಂದುಗೂಡಿಸಿತು.

ಈಗ ಸಾಧನಗಳ ಗುಣದೋಷಗಳನ್ನು ನೋಡೋಣ. ವರ್ಡ್‌ನಂಥ ಬರಹದ ತಂತ್ರಾಂಶದಲ್ಲಿ ನಾಲ್ಕು ಸಾಲು ಸೇರಿಸಿದರೆ ಚಿತ್ರವು ಮುಂದಿನ ಪುಟಕ್ಕೆ ಜಾರಬಹುದು. ಟೆಕ್ ಎಂಬುದು ಗಣಿತಕ್ಕೂ ದೀರ್ಘ ಗ್ರಂಥಕ್ಕೂ ಉತ್ತಮವೇ. ಆದರೆ ಪುಟದ ಮೂಲೆಮೂಲೆಗೆ ಚಿತ್ರವನ್ನು ಕೂರಿಸುವುದು ಅದರಲ್ಲಿ ಪ್ರಯಾಸದ ಕೆಲಸ. ಪೇಜ್‌ಮೇಕರ್, ಇನ್‌ಡಿಸೈನ್, ಸ್ಕ್ರೈಬಸ್‌ಗಳಂಥ ಪುಟವಿನ್ಯಾಸದ ತಂತ್ರಾಂಶಗಳೇ ಇಲ್ಲಿ ಸಲ್ಲುವಂಥವು. ಚಿತ್ರದ ದೃಷ್ಟಿಯಿಂದ ಮೂರೂ ಸಾಕು. ಪರೀಕ್ಷೆ ಇರುವುದು ಅಕ್ಷರದಲ್ಲಿ.

ನಮ್ಮ ಹಳೆಯ ಸಂಚಿಕೆಯೊಂದರಲ್ಲಿ ವಿದ್ಯಾರ್ಥಿಗಳು ಮನೆಮನೆಗೆ ಹೋಗಿ ಬರೆದು ತಂದ ಹಿರಿಯರ ನೆನಪುಗಳಿದ್ದವು. ಅವರಲ್ಲಿ ಕೆಲವರು ಈಗಿಲ್ಲ. ಅಚ್ಚಾದ ಪ್ರತಿಯು ಮಳೆಗಾಲದ ತೇವಕ್ಕೆ ಅಂಟಿಕೊಂಡಿದ್ದುದರಿಂದ ಗಣಕದ ಕಡತವನ್ನು ತೆರೆದೆವು. ಚಿತ್ರಗಳೆಲ್ಲ ಯಥಾಸ್ಥಿತಿಯಲ್ಲಿದ್ದವು, ಕನ್ನಡವಿದ್ದೆಡೆ ಮಾತ್ರ ರೋಮನ್ ಅಕ್ಷರಗಳ ರಾಶಿ. ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳು ರೋಮನ್ ಅಕ್ಷರದ ಸಂಕೇತಕ್ಕೆ ಕನ್ನಡದ ವೇಷ ತೊಡಿಸುತ್ತವೆ. ಫಾಂಟು ಇಲ್ಲದಾದರೆ ವೇಷವೂ ಕಳಚುತ್ತದೆ. ಪರಿವರ್ತಕಗಳಿಂದ ಬಹುಭಾಗವನ್ನು ಮರಳಿ ಪಡೆದೆವಾದರೂ ಒತ್ತಕ್ಷರ, ಅರ್ಕಾವತ್ತುಗಳನ್ನು ಕೈಯಿಂದಲೇ ತಿದ್ದಬೇಕಾಯಿತು. ಕೆಲವು ಹೆಸರುಗಳು ಇಂದಿಗೂ ಸಂದಿಗ್ಧ.

ಆದಕಾರಣ 2001ರ 7.0 ಆವೃತ್ತಿಗೇ ನಿಂತುಹೋದ ಪೇಜ್‌ಮೇಕರನ್ನು, ಅದು ಎಷ್ಟೇ ಪರಿಚಿತವಾಗಿದ್ದರೂ, ತ್ಯಜಿಸುವುದೇ ಲೇಸು. ಇನ್‌ಡಿಸೈನ್ ಸಮರ್ಥವಾದುದು, ಆದರೆ ಭಾರತೀಯ ಲಿಪಿಗಳಿಗೆ ತಕ್ಕ ಸಂಯೋಜಕವನ್ನು ಆರಿಸದಿದ್ದರೆ ಒತ್ತಕ್ಷರ ಕೆಡುತ್ತದೆ, ಮೇಲಾಗಿ ಬಾಡಿಗೆಯನ್ನೂ ತೆರುತ್ತಲೇ ಇರಬೇಕು. ಉಚಿತವಾದ ಸ್ಕ್ರೈಬಸ್ ತನ್ನ 1.6 ಆವೃತ್ತಿಯಿಂದ ಇಂಥ ಲಿಪಿಗಳನ್ನು ಸಂಯೋಜಿಸಬಲ್ಲುದು. ವಿಭಾಗದ ಅಲ್ಪ ಧನಕ್ಕೆ ಅದೇ ಯುಕ್ತವೆಂದು ನಮ್ಮ ಅಭಿಪ್ರಾಯ. ಬೆರಳಚ್ಚುಗಾರರ ಅಭ್ಯಾಸವನ್ನು ಅಡ್ಡಿಯೆಂದು ಹೇಳಲಾಗದು: ಕಿನ್ನಿಕಂಬಳದ ಕೆ. ಪಿ. ರಾಯರ ಕೀಲಿಮಣೆ ವಿನ್ಯಾಸವು ಯೂನಿಕೋಡಿಗೂ ಒದಗುತ್ತದೆ.

ಯಾವ ತಂತ್ರಾಂಶವನ್ನೇ ಆರಿಸಲಿ, ಸಂಪಾದಕರು ಪುಟ ಕಟ್ಟಿದ ಕಡತದಿಂದ ಒಂದು ವಾಕ್ಯವನ್ನು ನಕಲಿಸಿ ಬೇರೊಂದು ಯಂತ್ರದಲ್ಲಿ ಓದಿ ನೋಡತಕ್ಕದ್ದು. ಬರಹವನ್ನೂ ಮೂಲಚಿತ್ರಗಳನ್ನೂ ಪ್ರತ್ಯೇಕವಾಗಿ ಕಾಯ್ದಿಡತಕ್ಕದ್ದು. ಎಂಟು ಶತಮಾನಗಳ ಓಲೆಯನ್ನು ಓದಬಲ್ಲ ನಾವು ನಿನ್ನೆಯ ಕಡತವನ್ನು ಓದಲಾರದವರಾಗಬಾರದು.